ಬಂದವರು ಕಟ್ಟಿದ ನಾಡು

(ಹೊರಕೆರೆದೇವಪುರದಲ್ಲಿ ಉಪಾಧ್ಯಾಯರೂ ಊರ ಮಹನೀಯರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಜನಾಂಗಗಳ ಮೂಲ ಮತ್ತು ವಲಸೆ ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ತಾವು ನಮಗೆ ಅಪ್ಪಣೆ ಮಾಡಿರುವಿರಿ. ವಿಷಯವು ದೊಡ್ಡದು, ನಮ್ಮ ಶಕ್ತಿ ಚಿಕ್ಕದು. ಆದರೂ ಈ ವಿಷಯವು ಪಂಡಿತರ ಕೋಣೆಗೆ ಮಾತ್ರ ಸೇರಿದುದಲ್ಲವೆಂಬ ಧೈರ್ಯದಿಂದ ನಾವು ಎದ್ದು ನಿಂತಿರುವೆವು. "ತಮ್ಮ ಮೂಲಸ್ಥಾನ ಯಾವುದು?" ಎಂಬ ಪ್ರಶ್ನೆಯನ್ನು ನಾವೆಲ್ಲರೂ ಮದುವೆಯ ಚಪ್ಪರದಲ್ಲಿಯೂ ಪ್ರಯಾಣದಲ್ಲಿಯೂ ಕೇಳುತ್ತಲೇ ಇರುವೆವು. ಅದು ಸ್ನೇಹದ ಪ್ರಶ್ನೆ. ಅದೇ ಪ್ರಶ್ನೆಯು ಜಮೀನಿನ ಬದುವಿನ ಮೇಲೆ, ಚುನಾವಣೆಯ ಕಾಲದಲ್ಲಿ, ನೀರಿನ ಜಗಳದಲ್ಲಿ ಬೇರೆ ರೂಪವನ್ನು ತಾಳುವುದು. ಆಗ ಅದು ಪ್ರಶ್ನೆಯಾಗಿರದೆ ಆಪಾದನೆಯಾಗುವುದು: "ನೀನು ಹೊರಗಿನವನು, ನಾವು ಮೊದಲಿನವರು."

ಸ್ನೇಹದ ಪ್ರಶ್ನೆಗೆ ಉತ್ತರವನ್ನು ಹುಡುಕುವುದು ಚರಿತ್ರೆಯ ಕೆಲಸ; ಅದನ್ನು ಆಪಾದನೆಯಾಗಲು ಬಿಡದಿರುವುದು ನಾಗರಿಕರ ಕೆಲಸ. ಈ ಎರಡು ಕೆಲಸಗಳ ವಿಚಾರವಾಗಿಯೇ ನಮ್ಮ ಇಂದಿನ ಮಾತು.

ಮೊದಲು ದೂರದ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿ ಐರ್ಲೆಂಡೆಂಬ ದ್ವೀಪವುಂಟು. ವಿಸ್ತೀರ್ಣದಲ್ಲಿ ಅದು ನಮ್ಮ ಕರ್ನಾಟಕದ ಅರ್ಧಕ್ಕಿಂತಲೂ ಚಿಕ್ಕದು. ಆ ಜನರ ಸ್ವಾತಂತ್ರ್ಯದ ಹೋರಾಟವನ್ನು ನಮ್ಮ ಹಿರಿಯರು ಆಸಕ್ತಿಯಿಂದ ಓದಿ ಹುರುಪುಗೊಂಡಿದ್ದರು. ಐರಿಷ್ ಜನರು ತಮ್ಮ ಮೂಲವನ್ನು ಕುರಿತು ಒಂದು ದೊಡ್ಡ ಕಥೆಯನ್ನೇ ಇಟ್ಟುಕೊಂಡಿದ್ದಾರೆ. ಹನ್ನೊಂದನೆಯ ಶತಮಾನದಲ್ಲಿ ಸಂಕಲನಗೊಂಡ, 'ಆಕ್ರಮಣಗಳ ಪುಸ್ತಕ' ಎಂದು ಪ್ರಸಿದ್ಧವಾದ ಗ್ರಂಥದಲ್ಲಿ ಒಂದರ ಹಿಂದೊಂದಾಗಿ ಆ ದ್ವೀಪಕ್ಕೆ ಬಂದಿಳಿದ ಜನಗಳ ವೃತ್ತಾಂತವಿದೆ. ಕಟ್ಟಕಡೆಗೆ ಬಂದವರು ಸ್ಪೇನ್ ದೇಶದಿಂದ ಹಡಗೇರಿ ಬಂದ ಮೀಲನ ಮಕ್ಕಳು; ಅವರ ಪೂರ್ವಿಕರು ಸಿಥಿಯಾ ಸೀಮೆಯಿಂದ ಹೊರಟು ಈಜಿಪ್ಟನ್ನು ಹಾದು ಬಂದವರು; ಅವರೇ ಐರಿಷರ ಮೂಲಪುರುಷರು ಎಂದು ಆ ಗ್ರಂಥವು ಹೇಳುವುದು. ತಮ್ಮ ಜನರ ಹೆಸರನ್ನು ಬೈಬಲ್ಲಿನ ಲೋಕಚರಿತ್ರೆಗೆ ಗಂಟುಹಾಕಬೇಕೆಂದು ಕ್ರೈಸ್ತ ಸನ್ಯಾಸಿಗಳು ಹೆಣೆದ ಕಥೆಯಿದೆಂದು ವಿದ್ವಾಂಸರು ಅಭಿಪ್ರಾಯಪಡುವರು.

ಕಥೆಯು ಹೀಗಿರಲು ಎಲುಬುಗಳು ಏನು ಹೇಳುತ್ತವೆ? ಐರ್ಲೆಂಡಿನ ಉತ್ತರದ ರ‍್ಯಾಥ್ಲಿನ್ ಎಂಬ ಕಿರುದ್ವೀಪದಲ್ಲಿ 2006ರಲ್ಲಿ ಪ್ರಾಚೀನ ಶವಸಂಸ್ಕಾರದ ಕುರುಹುಗಳು ದೊರೆತವು. ಅಲ್ಲಿಯ ಮೂವರು ಗಂಡಸರ ಎಲುಬನ್ನೂ, ಬೆಲ್‌ಫಾಸ್ಟ್ ನಗರದ ಬಳಿ ಹಿಂದೆ ದೊರೆತಿದ್ದ ಒಬ್ಬ ಹೆಂಗಸಿನ ಎಲುಬನ್ನೂ ಡಬ್ಲಿನ್ ಮತ್ತು ಬೆಲ್‌ಫಾಸ್ಟ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಪರೀಕ್ಷಿಸಿ 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆ ಹೆಂಗಸು 5,000 ವರ್ಷಗಳಿಗೂ ಹಿಂದಿನವಳು. ಅವಳ ವಂಶದ ಹೆಚ್ಚಿನ ಭಾಗವು ಪಶ್ಚಿಮ ಏಷ್ಯದಿಂದ ಬೇಸಾಯವನ್ನು ಹೊತ್ತು ಹೊರಟ ರೈತರದು. ಆ ಗಂಡಸರು ಸುಮಾರು 4,000 ವರ್ಷಗಳ ಹಿಂದಿನವರು. ಅವರ ವಂಶದಲ್ಲಿ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನ ಪಶುಪಾಲಕರ ಪಾಲು ಬಹಳವಾಗಿ ಬೆರೆತಿತ್ತು. ಈಗಿನ ಐರಿಷರಿಗೆ ಅವರೇ ಹೆಚ್ಚು ಸಮೀಪದವರು. ಅಂದರೆ ಸುಮಾರು ಸಾವಿರ ವರ್ಷಗಳ ಅಂತರದಲ್ಲಿ ಜನರ ಮೂಲವೇ ಬಹುಮಟ್ಟಿಗೆ ಬದಲಾಗಿತ್ತು. ಸಿಥಿಯಾ ಎಂಬ ಹೆಸರೂ ಈ ಹುಲ್ಲುಗಾವಲೂ ಒಂದೇ ದಿಕ್ಕಿನವು ಎಂದು ಹಿಗ್ಗಿ, ಕಥೆಯೇ ನಿಜವಾಯಿತೆಂದು ಯಾರೂ ಹೇಳಬಾರದು. ಮೂರು ಸಾವಿರ ವರ್ಷಗಳ ಹಿಂದಿನ ನಡಿಗೆಯನ್ನು ಸನ್ಯಾಸಿಗಳ ನೆನಪು ಹಿಡಿದಿಡಲಾರದು.

ಆಮೇಲೆಯೂ ಬರುವವರು ನಿಲ್ಲಲಿಲ್ಲ. ಉತ್ತರದ ಕಡಲಿನಿಂದ ವೈಕಿಂಗರು ಬಂದರು. ಡಬ್ಲಿನ್ ನಗರವು ಅವರ ನೆಲೆಯಾಗಿ ಬೆಳೆಯಿತು. 1169ರಲ್ಲಿ ನಾರ್ಮನರು ಬಂದರು. ಹದಿನೇಳನೆಯ ಶತಮಾನದಲ್ಲಿ ಸ್ಕಾಟ್ಲೆಂಡು ಇಂಗ್ಲೆಂಡುಗಳಿಂದ ಕುಟುಂಬಗಳನ್ನು ತಂದು ಅಲ್‌ಸ್ಟರ್ ಪ್ರಾಂತದಲ್ಲಿ ನೆಲೆಗೊಳಿಸಿದರು. ಅನಂತರ 1845ರಿಂದ 1852ರವರೆಗಿನ ಆಲೂಗೆಡ್ಡೆಯ ಬರಗಾಲವು ಬಂದಿತು. 1841ರಲ್ಲಿ 80 ಲಕ್ಷವನ್ನು ಮೀರಿದ್ದ ಜನಸಂಖ್ಯೆಯು 1851ರಲ್ಲಿ ಸುಮಾರು 65 ಲಕ್ಷಕ್ಕಿಳಿಯಿತು. ಸುಮಾರು 10 ಲಕ್ಷ ಮಂದಿ ಸತ್ತರು. ಅದಕ್ಕೆ ಕಡಮೆಯಿಲ್ಲದಷ್ಟು ಮಂದಿ ಹಡಗು ಹತ್ತಿ ಅಮೆರಿಕವೇ ಮೊದಲಾದ ದೇಶಗಳಿಗೆ ಹೊರಟುಹೋದರು. ಬಂದವರಿಂದ ಆದ ಜನತೆಯು ಹೋಗುವವರ ಜನತೆಯಾಯಿತು.

ಈ ದೃಷ್ಟಾಂತದ ಕೊನೆಯಲ್ಲಿ ಕನ್ನಡಕ್ಕೆ ಸೇರಿದ ಒಂದು ಮಾತು ಇದೆ. 1851ರ ಜನಗಣತಿಯ ಹೊತ್ತಿಗೆ ಐರಿಷ್ ಭಾಷೆಯನ್ನು ಆಡಬಲ್ಲವರು ಸುಮಾರು ನಾಲ್ಕರಲ್ಲಿ ಒಂದು ಪಾಲು ಮಾತ್ರ ಉಳಿದಿದ್ದರು. ಅಂಥ ನಾಡಿನ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಕವಿ ಜೇಮ್ಸ್ ಕಸಿನ್ಸ್ ಅವರು 1924ರಲ್ಲಿ ಮೈಸೂರಿಗೆ ಬಂದಾಗ, ಇಂಗ್ಲಿಷಿನಲ್ಲಿ ಕವನ ಬರೆಯುತ್ತಿದ್ದ ಯುವಕ ಪುಟ್ಟಪ್ಪನವರಿಗೆ ತಾಯ್ನುಡಿಯಲ್ಲಿ ಬರೆಯಿರೆಂದು ಬುದ್ಧಿ ಹೇಳಿದರು. ಆ ಯುವಕರೇ ಕುವೆಂಪುಗಳಾದರು. ನುಡಿಯು ಕೈಜಾರಿದರೆ ಆಗುವ ನಷ್ಟವನ್ನು ಕಂಡ ನಾಡಿನವರ ಬಾಯಿಂದ ಆ ಮಾತು ಬಂದಿತೆಂಬುದನ್ನು ನಾವು ಮರೆಯಲಾಗದು.

ಮಹನೀಯರೆ, ಇನ್ನು ನಮ್ಮ ಸೀಮೆಗೆ ಬರೋಣ. ನಾವು ವಕೀಲಿ ವೃತ್ತಿಯವರು. ಒಂದು ದಾವೆಯಲ್ಲಿ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು, ಹೇಳಿಕೆ ಪಡೆದು, ಪಾಟೀಸವಾಲು ಮಾಡಿ, ಆಮೇಲೆ ತೂಗುವುದು ನಮ್ಮ ಅಭ್ಯಾಸ. ಚಿತ್ರದುರ್ಗ ಸೀಮೆಯ ಜನರು ಎಲ್ಲಿಂದ ಬಂದರೆಂಬ ಪ್ರಶ್ನೆಗೆ ನಾಲ್ವರು ಸಾಕ್ಷಿಗಳಿದ್ದಾರೆ: ಕಲ್ಲು, ಐತಿಹ್ಯ, ನುಡಿ ಮತ್ತು ರಕ್ತ.

ಮೊದಲನೆಯ ಸಾಕ್ಷಿ ಕಲ್ಲು. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು 1892ರಲ್ಲಿ ರೈಸ್ ಅವರು ಲೋಕಕ್ಕೆ ತಿಳಿಸಿದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಶಾಸನಗಳು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಅಪ್ಪಣೆಗಳು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಅವನು ತನ್ನನ್ನು ಲಿಪಿಕಾರನೆಂದು ಹೇಳಿಕೊಳ್ಳುವ ಶಬ್ದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ಗಾಂಧಾರದ, ಎಂದರೆ ಈಗಿನ ಪೇಷಾವರದ ಸುತ್ತಿನ ಸೀಮೆಯ ಲಿಪಿ. ಚಪಡನು ಅಲ್ಲಿಯವನಾಗಿರಬಹುದು, ಅಲ್ಲಿ ಕಲಿತವನಾಗಿರಬಹುದು. ಹೇಗಿದ್ದರೂ ನಮ್ಮ ಸೀಮೆಯಲ್ಲಿ ಅಕ್ಷರ ಬರೆದು ಹೆಸರುಳಿಸಿದವರಲ್ಲಿ ಎಲ್ಲರಿಗಿಂತ ಹಳಬನು ದೂರದ ನಾಡಿನ ಅಕ್ಷರವನ್ನು ಕೈಯಲ್ಲಿ ಹಿಡಿದು ಬಂದವನು.

ಆದರೆ ಅವನು ಬಂದುದು ಬರಿಯ ಕಾಡಿಗಲ್ಲ. ಅದೇ ಬ್ರಹ್ಮಗಿರಿಯಲ್ಲಿ ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆದು ನೋಡಿದಾಗ, ಕಲ್ಲಿನ ಕೊಡಲಿಗಳನ್ನು ಬಳಸುತ್ತಿದ್ದವರ ನೆಲೆಯೂ, ಅವರ ಅನಂತರ ಕಬ್ಬಿಣವನ್ನು ಬಲ್ಲ, ದೊಡ್ಡ ಕಲ್ಲುಗಳ ಗೋರಿಗಳನ್ನು ಕಟ್ಟಿದವರ ನೆಲೆಯೂ ಒಂದರ ಮೇಲೊಂದಾಗಿ ಕಂಡುವು. ದುರ್ಗದ ಬುಡದ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳೊಡನೆ ರೋಮಿನ ಆಗಸ್ಟಸ್, ಟಿಬೇರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿವೆ. ಅಲ್ಲಿಯೇ ಕದಂಬ ಮಯೂರಶರ್ಮನು ಕೆರೆಯನ್ನು ಕಟ್ಟಿಸಿದ ಸಂಗತಿಯ ಬಂಡೆಶಾಸನವೂ ಇದೆ. ಆ ಮಯೂರಶರ್ಮನು ಕಂಚಿಗೆ ಓದಲು ಹೋಗಿ, ಅಪಮಾನಗೊಂಡು, ಹಿಂದಿರುಗಿ ರಾಜ್ಯ ಕಟ್ಟಿದವನೆಂದು ತಾಳಗುಂದದ ಶಾಸನವು ಹೇಳುತ್ತದೆ. ಕಲ್ಲಿನ ಸಾಕ್ಷ್ಯವಿಷ್ಟು: ಈ ನೆಲವು ಎಂದೂ ಮುಚ್ಚಿದ ಕೋಣೆಯಾಗಿರಲಿಲ್ಲ.

ಎರಡನೆಯ ಸಾಕ್ಷಿ ಐತಿಹ್ಯ. ದುರ್ಗವನ್ನು ಆಳಿದ ಕಾಮಗೇತಿ ವಂಶದ ನಾಯಕರು ತಿರುಪತಿಯ ಸಮೀಪದ ಜಡಿಕಲ್ಲುದುರ್ಗದಿಂದ ಬಂದವರೆಂದು ಅವರ ವಂಶದ ಕಥೆಯು ಹೇಳುವುದು. ಆ ವಂಶದ ತಿಮ್ಮಣ್ಣನಾಯಕನಿಗೆ ವಿಜಯನಗರದ ಅರಸರಿಂದ ಮೊದಲು ದೊರೆತುದು ಹೊಳಲ್ಕೆರೆಯ ನಾಯಕತನ, ಅನಂತರ ಹಿರಿಯೂರಿನದು, ಆಮೇಲೆ ಚಿತ್ರದುರ್ಗದ್ದು. ಹೀಗೆಂದು ರೈಸ್ ಅವರೂ ಬರೆದಿರುವರು, ಎಂ. ಎಸ್. ಪುಟ್ಟಣ್ಣನವರ ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯನ್ನು ತಮ್ಮಲ್ಲಿ ಅನೇಕರು ಓದಿರಬಹುದು. ತಾವು ಯೋಚಿಸಿ ನೋಡಿರಿ. ಕನ್ನಡಿಗರ ಶೌರ್ಯವೆಂದರೆ ಇಂದು ನಮ್ಮ ನಾಲಗೆಗೆ ಬರುವ ಹೆಸರುಗಳಲ್ಲಿ ಮದಕರಿನಾಯಕನದು ಒಂದು. ಅವನ ಪೂರ್ವಿಕರು ಬೇರೆಡೆಯಿಂದ ಬಂದವರೆಂದು ಆ ಮನೆತನವೇ ಹೇಳಿಕೊಂಡಿತು, ಹೇಳಿಕೊಳ್ಳಲು ನಾಚಲಿಲ್ಲ.

ಚಳ್ಳಕೆರೆ ಮೊಳಕಾಲ್ಮೂರುಗಳ ಮ್ಯಾಸಬೇಡರದೂ ಪಶುಗಳ ಹಿಂದೆ ನಡೆದು ಬಂದವರ ಕಥೆಯೇ. ದೇವರ ಎತ್ತುಗಳನ್ನು ಸಾಕಿ, ಗಾದ್ರಿ ಪಾಲನಾಯಕನೇ ಮೊದಲಾದ ವೀರರನ್ನು ಪೂಜಿಸಿ, ಸಂಪ್ರದಾಯದಂತೆ ಕೋಳಿಯನ್ನೂ ಹೆಂಡವನ್ನೂ ಮುಟ್ಟದೆ ಬಾಳಿದ ಜನ ಅವರು. ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆಯನ್ನು ಊದುತ್ತ ಹಾಡುವ ಜುಂಜಪ್ಪನ ಕಾವ್ಯವು ದನಕರುಗಳ, ಮೇವಿನ, ಮಳೆಯ, ಅಲೆದಾಟದ ಕಾವ್ಯ. ತಾವು ಬಡಗಣ ದೇಶದಿಂದ ಬಂದವರೆಂದು ಅವರ ಹಿರಿಯರು ಹೇಳುವರು. ಡಾ. ತೀ. ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯಗಳನ್ನೂ ನಂಬಿಕೆಗಳನ್ನೂ ಹಟ್ಟಿಹಟ್ಟಿಗೆ ಹೋಗಿ ಕೇಳಿ ಬರೆದಿಟ್ಟಿರುವುದು ನಮ್ಮ ಭಾಗ್ಯ.

ಐತಿಹ್ಯಕ್ಕೆ ಪಾಟೀಸವಾಲು ಮಾಡದೆ ಬಿಡಲಾಗದು. ದೊಡ್ಡ ಕ್ಷೇತ್ರದ, ದೊಡ್ಡ ಪಟ್ಟಣದ ಹೆಸರಿಗೆ ತಮ್ಮ ಮೂಲವನ್ನು ಗಂಟುಹಾಕುವ ಆಸೆಯು ಐರಿಷ್ ಸನ್ಯಾಸಿಗಳಿಗೆ ಇದ್ದಂತೆ ನಮ್ಮಲ್ಲಿಯೂ ಉಂಟು. ಊರಿನ ಹೆಸರು, ಅರಸನ ಹೆಸರು, ತಲೆಮಾರಿನ ಲೆಕ್ಕ, ಇವುಗಳಲ್ಲಿ ಈ ಸಾಕ್ಷಿಯು ತಪ್ಪಬಹುದು. ಆದರೆ ಒಂದು ವಿಷಯದಲ್ಲಿ ಅವನ ಮಾತು ಬೆಲೆಯುಳ್ಳದ್ದು. ಏತಕ್ಕಾಗಿ ಬಂದೆವು ಎಂಬುದನ್ನು ಅವನು ಮರೆಯುವುದಿಲ್ಲ. ಮೇವು ತೀರಿತೆಂದು ಬಂದೆವು, ಅರಸನ ಸೇವೆಗೆ ಬಂದೆವು, ಮಾನ ಉಳಿಸಿಕೊಳ್ಳಲು ಬಂದೆವು ಎಂದು ಅವನು ಹೇಳುವನು. ನಮ್ಮದು ಮಳೆ ಕಡಮೆಯ ಸೀಮೆ. ಆದರೆ ದನಕ್ಕೆ ಬೇಕಾದ ಕಾವಲುಗಳ ಸೀಮೆ, ಕೋಟೆಗಳ ಸೀಮೆ, ಕೆರೆಗಳ ಸೀಮೆ. ಮೇವು ಪಶುಪಾಲಕನನ್ನು ಕರೆಯಿತು. ಕೋಟೆಯು ಕತ್ತಿ ಹಿಡಿದವನನ್ನು ಕರೆಯಿತು. ಕೆರೆಯು ಬೇಸಾಯಗಾರನನ್ನು ಕರೆಯಿತು. ಹೊಳಲ್ಕೆರೆ ಎಂಬುದರಲ್ಲಿ ಹೊಳಲ್ ಎಂದರೆ ಹಳಗನ್ನಡದಲ್ಲಿ ಪಟ್ಟಣ. ಅದರ ಮಗ್ಗುಲಲ್ಲಿಯೇ ಕೆರೆ. ತಮ್ಮ ಊರಿನ ಹೆಸರಿನಲ್ಲಿಯಂತೂ ಕೆರೆ, ದೇವರು, ಪುರ, ಈ ಮೂರೂ ಕೂಡಿವೆ. ಬಂದವನು ನೆಲೆಯೂರಲು ಬೇಕಾದುವು ಈ ಮೂರೇ ಅಲ್ಲವೆ?

ಮೂರನೆಯ ಸಾಕ್ಷಿ ನುಡಿ. ನಮ್ಮ ತಾಲೂಕುಗಳಲ್ಲಿರುವ ಲಂಬಾಣಿ ತಾಂಡಾಗಳಿಗೆ ಹೋದರೆ ನೀರನ್ನು 'ಪಾಣಿ' ಎನ್ನುವರು, ರೊಟ್ಟಿಯನ್ನು 'ಬಾಟಿ' ಎನ್ನುವರು, ತಾಯಿಯನ್ನು 'ಯಾಡಿ' ಎನ್ನುವರು. ಭಾರತದ ಭಾಷೆಗಳನ್ನು ಅಳೆದು ನೋಡಿದ ಗ್ರಿಯರ್ಸನ್ ಅವರು ಈ ನುಡಿಯು ರಾಜಸ್ಥಾನದ ನುಡಿಗಳಿಗೆ ಹತ್ತಿರದ್ದೆಂದು ನಿರ್ಣಯಿಸಿದರು. ಎತ್ತುಗಳ ಮೇಲೆ ದವಸವನ್ನೂ ಉಪ್ಪನ್ನೂ ಹೇರಿಕೊಂಡು, ದಂಡುಗಳಿಗೆ ಆಹಾರವನ್ನು ಒದಗಿಸುತ್ತ ಈ ಜನರು ದಕ್ಷಿಣಕ್ಕೆ ಬಂದರು. ಅವರ ಪೂಜ್ಯ ಗುರು ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದುದು ಸೂರಗೊಂಡನಕೊಪ್ಪದಲ್ಲಿ ಎಂದು ಅವರು ನಂಬುವರು. ಅದು ಈಗಿನ ದಾವಣಗೆರೆ ಜಿಲ್ಲೆಗೆ, ಕನ್ನಡದ ನೆಲಕ್ಕೆ ಸೇರಿದ ಕ್ಷೇತ್ರ. ರೈಲು ಮತ್ತು ರಸ್ತೆಗಳು ಬಂದು ಎತ್ತಿನ ಹೇರಿನ ಕಸುಬು ಮುರಿಯಿತು. ಬ್ರಿಟಿಷ್ ಸರಕಾರವು 1871ರಲ್ಲಿ ಅಪರಾಧಿ ಬುಡಕಟ್ಟುಗಳೆಂಬ ಕಾಯಿದೆಯನ್ನು ತಂದು, ಅಲೆಯುವ ಅನೇಕ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳಂಕವನ್ನು ಹಚ್ಚಿತು. 1952ರಲ್ಲಿ ಅದು ರದ್ದಾದರೂ ಜನರ ಬಾಯಿಯ ಕಾಯಿದೆಯು ರದ್ದಾಗಲು ಇನ್ನೂ ಬಹಳ ಕಾಲ ಹಿಡಿಯಿತು.

ನುಡಿಯನ್ನೂ ಪಾಟೀಸವಾಲಿಗೆ ಗುರಿಮಾಡೋಣ. ಬಡಗಣದಿಂದ ಬಂದೆವೆನ್ನುವ ಕಾಡುಗೊಲ್ಲರ ಮನೆಮಾತು ಕನ್ನಡ. ಮ್ಯಾಸಬೇಡರಲ್ಲಿ ಕೆಲವರದು ತೆಲುಗು, ಕೆಲವರದು ಕನ್ನಡ. ಆದುದರಿಂದ ನುಡಿಯೊಂದರಿಂದಲೇ ವಂಶವನ್ನು ಹೇಳಲಾಗದು. ಜನರು ನುಡಿಯನ್ನು ಬಿಡುವರು, ಹಿಡಿಯುವರು. ನಮ್ಮ ಕನ್ನಡವು ಸೇರಿದ ದ್ರಾವಿಡ ಭಾಷಾವರ್ಗವು ಸುಮಾರು 4,500 ವರ್ಷಗಳಷ್ಟು ಹಳೆಯದೆಂದು 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಲೆಕ್ಕ ಹಾಕಿತು. ಅಷ್ಟು ಹಳೆಯ ಮನೆತನದ ಈ ನುಡಿಯು ತನ್ನ ಬಾಗಿಲನ್ನು ಮುಚ್ಚಿಕೊಂಡಿತೆ? ನಮ್ಮ ಕಸುಬನ್ನೇ ನೋಡಿರಿ: ವಕೀಲ, ಅರ್ಜಿ, ಜಮೀನು, ದಾಖಲೆ, ಇವೆಲ್ಲವೂ ಅರಬ್ಬಿ ಪಾರಸಿಗಳಿಂದ ನಡೆದು ಬಂದ ಶಬ್ದಗಳು. ಅವನ್ನು ಹೊರಗೆ ಹಾಕಿದರೆ ನ್ಯಾಯಸ್ಥಾನದಲ್ಲಿ ನಾವು ಬಾಯಿ ತೆರೆಯುವುದೇ ಕಷ್ಟ. ಯಾವ ಹಳ್ಳಿಗನಾದರೂ ಜಮೀನೆಂಬ ಶಬ್ದವನ್ನು ಹೊರಗಿನದೆಂದು ಭಾವಿಸುವನೆ?

ನಾಲ್ಕನೆಯ ಸಾಕ್ಷಿ ರಕ್ತ. ಈತನು ನ್ಯಾಯಸ್ಥಾನಕ್ಕೆ ಇತ್ತೀಚೆಗೆ ಬಂದವನು. ಆದುದರಿಂದ ಅನೇಕರು ಇವನ ಮಾತನ್ನೇ ಕೊನೆಯ ಮಾತೆಂದು ತಿಳಿಯುವರು. ಹೈದರಾಬಾದಿನ ಸಂಶೋಧನಾಲಯದ ಲಾಲ್ಜಿ ಸಿಂಗ್, ತಂಗರಾಜ್ ಇವರೂ ಅಮೆರಿಕದ ವಿಜ್ಞಾನಿಗಳೂ ಕೂಡಿ ಭಾರತದ 25 ಸಮುದಾಯಗಳ 132 ಮಂದಿಯನ್ನು ಪರೀಕ್ಷಿಸಿ 2009ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. 2013ರಲ್ಲಿ ಮತ್ತೊಂದು ದೊಡ್ಡ ಲೇಖನವು ಹೊರಬಂದಿತು. ಅವುಗಳ ಸಾರವು ಹೀಗಿದೆ: ಭಾರತದ ಬಹುಪಾಲು ಜನರಲ್ಲಿ ಹಳೆಯ ಎರಡು ಮೂಲಗಳು, ಬೇರೆ ಬೇರೆ ಪ್ರಮಾಣಗಳಲ್ಲಿ, ಬೆರೆತಿವೆ. ಈ ಬೆರೆಯುವಿಕೆಯು ಸುಮಾರು 4,200 ವರ್ಷಗಳಿಂದ 1,900 ವರ್ಷಗಳ ಹಿಂದಿನವರೆಗೆ ವ್ಯಾಪಕವಾಗಿ ನಡೆಯಿತು. ಅನಂತರ ತಮ್ಮ ತಮ್ಮೊಳಗೇ ಮದುವೆಯಾಗುವ ಪದ್ಧತಿಯು ಬಲಿತು ಅದು ಬಹುಮಟ್ಟಿಗೆ ನಿಂತಿತು. ತಾವು ಮೊದಲಿನಿಂದಲೂ ಬೇರೆ ಎಂದು ಒಂದೊಂದು ಜಾತಿಯೂ ನಂಬಿರುವುದಲ್ಲವೆ? ರಕ್ತವು ಅದಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳುತ್ತಿದೆ: ಮೊದಲು ಎಲ್ಲರೂ ಬೆರೆತರು, ಬೇಲಿಯನ್ನು ಹಾಕಿಕೊಂಡುದು ಆಮೇಲೆ.

ಆದರೆ ಈ ಸಾಕ್ಷಿಗೂ ಒಂದು ಮಿತಿಯಿದೆ. ರಕ್ತವು ಯಾರು ಯಾರಿಗೆ ಹುಟ್ಟಿದರೆಂಬುದನ್ನು ಹೇಳೀತು. ಯಾರು ಯಾವ ನಾಡನ್ನು ತನ್ನದೆಂದು ಬಗೆದರು, ಯಾವ ಕೆರೆಯ ಏರಿಗೆ ಮಣ್ಣು ಹೊತ್ತರು ಎಂಬುದನ್ನು ಹೇಳಲಾರದು. ಅದನ್ನು ಹೇಳಬಲ್ಲುದು ಚರಿತ್ರೆಯೊಂದೇ.

ಮಹನೀಯರೆ, ಬಂದವರ ಮಾತಾಯಿತು. ಹೋದವರ ಮಾತನ್ನೂ ಹೇಳಬೇಕು. ಇಲ್ಲದಿದ್ದರೆ ಲೆಕ್ಕವು ಸರಿಹೋಗದು. 1779ರಲ್ಲಿ ಹೈದರಾಲಿಯು ದುರ್ಗವನ್ನು ಹಿಡಿದು ಕೊನೆಯ ಮದಕರಿನಾಯಕನನ್ನು ಸೆರೆಯಾಗಿ ಒಯ್ದನು. ಬೇಡರ ಬಲವನ್ನು ಮುರಿಯಲೆಂದು ಸುಮಾರು 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದೂ, ತಕ್ಕ ವಯಸ್ಸಿನ ಹುಡುಗರನ್ನು ಆರಿಸಿ 'ಚೇಲ'ರೆಂಬ ಪಡೆಗಳನ್ನು ಕಟ್ಟಿದನೆಂದೂ ವಿಲ್ಕ್ಸ್ ಬರೆದಿರುವನು. ಯಾವ ನೆಲಕ್ಕೆ ಅವರ ಹಿರಿಯರು ನಡೆದು ಬಂದು ನೆಲೆಯೂರಿದ್ದರೋ ಆ ನೆಲದಿಂದಲೇ ಮೊಮ್ಮಕ್ಕಳನ್ನು ಕಿತ್ತು ಕಳುಹಿಸಲಾಯಿತು. ಬಂದವರ ಸಂತಾನವು ಈ ನೆಲಕ್ಕಾಗಿ ತೆತ್ತ ಬೆಲೆಯಿದು. ಇದಕ್ಕಿಂತ ಮಿಗಿಲಾದ ಹಕ್ಕುಪತ್ರವು ಯಾವುದು?

ಕನ್ನಡಿಗರು ತಾವಾಗಿಯೂ ಹೊರಗೆ ಹೋದವರು. ಬಂಗಾಳವನ್ನು ಆಳಿದ ಸೇನ ಅರಸರು ಮಾಧಾಯಿನಗರ ಶಾಸನದಲ್ಲಿ ತಮ್ಮನ್ನು ಕರ್ಣಾಟ ಕ್ಷತ್ರಿಯರೆಂದು ಕರೆದುಕೊಂಡರು. 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಸ್ಥಾಪಿಸಿದ ನಾನ್ಯದೇವನ ವಂಶವು ಕರ್ಣಾಟ ವಂಶವೆಂದೇ ಪ್ರಸಿದ್ಧ. ನೀಲಗಿರಿಯ ಬಡಗರ ಹೆಸರೇ ಅವರು ಬಡಗಣ ದಿಕ್ಕಿನಿಂದ, ಎಂದರೆ ನಮ್ಮ ಕಡೆಯಿಂದ, ಹೋದವರೆಂಬುದನ್ನು ಸಾರುವುದು; ಅವರ ನುಡಿಯು ಕನ್ನಡದ ಹತ್ತಿರದ ನಂಟು. ಕೊಯಮತ್ತೂರು, ತೇನಿಗಳ ಕಡೆ ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡು ಬಂದ ನೇಕಾರರೂ ಒಕ್ಕಲಿಗರೂ ಉಂಟು. ಇನ್ನು ಕೆಲವರು ಊರು ಬಿಟ್ಟು ಹೋಗದೆಯೇ ಹೊರನಾಡಿನವರಾದರು. 1956ರ ನವೆಂಬರ್ 1ರಂದು ಕನ್ನಡ ಪ್ರಾಂತಗಳು ಒಂದುಗೂಡಿದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಯ ಕನ್ನಡಿಗನು ಮನೆಯ ಹೊಸಿಲನ್ನೂ ದಾಟಲಿಲ್ಲ. ಗಡಿಯೇ ಅವನನ್ನು ದಾಟಿ ಹೋಯಿತು.

ಈಗ ನಮ್ಮ ವಾದದ ಮುಖ್ಯ ಭಾಗಕ್ಕೆ ಬಂದಿರುವೆವು. ಕಾಸರಗೋಡಿನ ಮಗುವಿಗೆ ಕನ್ನಡ ಶಾಲೆ ಬೇಕೆಂದು ನಾವು ಕೇಳುವೆವು, ಕೇಳುವುದು ನ್ಯಾಯ. ನೀಲಗಿರಿಯಲ್ಲಿ, ಕೊಯಮತ್ತೂರಿನಲ್ಲಿ ಕನ್ನಡದ ಮನೆಗಳನ್ನು ಹೊರಗಿನವರೆಂದು ಯಾರಾದರೂ ಜರೆದರೆ ನಮಗೆ ನೋವಾಗುವುದು; ಆಗತಕ್ಕುದೇ. ಹಾಗಿರುವಲ್ಲಿ, ನಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತ ತಾಂಡಾದ ಮಗುವು 'ಯಾಡಿ' ಎಂದಾಗ ನಗುವುದಕ್ಕೆ ನಮಗೇನು ಅಧಿಕಾರ? ತೆಲುಗಿನಲ್ಲಿ ಜೋಗುಳ ಕೇಳಿದ ಮಗುವನ್ನು, ಉರ್ದುವಿನಲ್ಲಿ ಅಮ್ಮನನ್ನು ಕರೆವ ಮಗುವನ್ನು ಅರ್ಧ ಕನ್ನಡಿಗನೆಂದು ಎಣಿಸಲು ನಮಗೆ ಯಾವ ಕಾಯಿದೆಯು ಅಪ್ಪಣೆ ಕೊಟ್ಟಿದೆ? ಹೊರನಾಡಿನಲ್ಲಿ ನಮ್ಮವರಿಗಾಗಿ ಒಂದು ನ್ಯಾಯವನ್ನು ಬೇಡಿ, ಒಳನಾಡಿನಲ್ಲಿ ಇನ್ನೊಂದು ನ್ಯಾಯವನ್ನು ನಡಸುವ ಕಕ್ಷಿಗಾರನ ದಾವೆಯು ಯಾವ ನ್ಯಾಯಸ್ಥಾನದಲ್ಲಿಯೂ ನಿಲ್ಲದು.

ಕನ್ನಡವು ಕ್ಷೀಣಿಸಲೆಂದು ನಾವು ಹೇಳುತ್ತಿರುವೆವೆಂದು ಯಾರೂ ಭಾವಿಸಬಾರದು. ನಾಡಿಗೆ ಒಂದು ಕೂಡುನುಡಿ ಬೇಕು. ಅದು ಕನ್ನಡವೇ ಆಗಿರಬೇಕು. ಐರ್ಲೆಂಡು ಕಲಿಸುವ ಪಾಠವೂ ಅದೇ. ಆದರೆ ಬಂದವರ ಮಕ್ಕಳು ಕನ್ನಡವನ್ನು ಮನಸಾರೆ ತಮ್ಮದಾಗಿ ಮಾಡಿಕೊಂಡುದು ಅವಮಾನದಿಂದಲ್ಲ. ಆಡಳಿತ ಕನ್ನಡದಲ್ಲಿತ್ತು, ಸಂತೆ ಕನ್ನಡದಲ್ಲಿತ್ತು, ವಚನ ಕೀರ್ತನೆಗಳು ಕನ್ನಡದಲ್ಲಿದ್ದುವು. ಕನ್ನಡದಿಂದ ಅವರ ಬಾಳಿಗೆ ಲಾಭವೂ ಗೌರವವೂ ದೊರೆತುವು. ಇಂದಿಗೂ ಕನ್ನಡಕ್ಕೆ ಬಲ ಬರುವುದು ಹಾಗೆಯೇ.

ಹಕ್ಕಿನ ಪ್ರಶ್ನೆಯನ್ನೂ ಸ್ವಲ್ಪ ನೋಡೋಣ. ಬಹುಕಾಲ ಬಹಿರಂಗವಾಗಿ ಅನುಭೋಗದಲ್ಲಿದ್ದವನ ಮಾತಿಗೆ ಕಾನೂನು ಬೆಲೆ ಕೊಡುವುದು. ಆದರೂ ನಮ್ಮ ರಾಜ್ಯದ ಎಷ್ಟೋ ಗೊಲ್ಲರಹಟ್ಟಿಗಳು, ಲಂಬಾಣಿ ತಾಂಡಾಗಳು, ನಾಯಕರಹಟ್ಟಿಗಳು ಕಂದಾಯದ ಲೆಕ್ಕದಲ್ಲಿ ಊರುಗಳೇ ಆಗಿರಲಿಲ್ಲ. ಅವಕ್ಕೆ 'ದಾಖಲೆರಹಿತ ಜನವಸತಿ' ಎಂದು ಹೆಸರು. ತಲೆಮಾರುಗಳಿಂದ ಜನರು ಅಲ್ಲಿ ಹುಟ್ಟುತ್ತಿದ್ದರು, ಸಾಯುತ್ತಿದ್ದರು, ಮತ ನೀಡುತ್ತಿದ್ದರು. ತಾವಿರುವ ಮನೆಯ ಅಡಿಪಾಯಕ್ಕೆ ಮಾತ್ರ ಪತ್ರವಿರಲಿಲ್ಲ. ಪತ್ರವಿಲ್ಲದವನಿಗೆ ಸಾಲವಿಲ್ಲ, ಜಗಳ ಬಂದಾಗ ಬಲವಿಲ್ಲ. ಭೂಸುಧಾರಣೆಯ ಕಾಯಿದೆಗೆ ತಂದ ತಿದ್ದುಪಡಿಯು 2017ರಲ್ಲಿ ಜಾರಿಗೆ ಬಂದು, ಇಂಥ ವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಿ ವಾಸವಿರುವವರಿಗೆ ಹಕ್ಕುಪತ್ರ ಕೊಡಲು ದಾರಿಯಾಯಿತು. ಇದು ಸಣ್ಣ ಸುಧಾರಣೆಯೆಂದು ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರದು. ನೀನು ಎಲ್ಲಿಂದ ಬಂದೆಯೆಂದು ಕೇಳದೆ, ನೀನು ಎಲ್ಲಿ ಬಾಳುತ್ತಿರುವೆಯೆಂದು ಕೇಳುವುದನ್ನು ಕಾನೂನು ಕಲಿಯಿತು. ಕಾನೂನು ಕಲಿತ ಪಾಠವನ್ನು ಸಮಾಜವು ಕಲಿಯದೆ ಇರಬಹುದೆ?

ಉಪಾಧ್ಯಾಯ ಬಂಧುಗಳೆ, ಕೊನೆಯದಾಗಿ ತಮ್ಮಲ್ಲಿ ಒಂದು ಮನವಿ. ತಮ್ಮ ಶಾಲೆಗೆ ಮಕ್ಕಳು ಬರುವ ಪ್ರತಿಯೊಂದು ಹಟ್ಟಿಯ, ತಾಂಡಾದ, ಕೇರಿಯ ಹಿರಿಯರಿಂದ ಅವರ ಬರವಿನ ಕಥೆಯನ್ನು ಕೇಳಿ ಬರೆದುಕೊಳ್ಳಿರಿ. ಎಲ್ಲಿಂದ ಬಂದರೆಂದು ಹೇಳುವರೋ ಆ ಊರು, ಏತಕ್ಕೆ ಬಂದರೆಂಬ ಕಾರಣ, ದಾರಿಯಲ್ಲಿ ನಿಂತ ಸ್ಥಳಗಳು, ಹೊತ್ತು ತಂದ ದೇವರು, ಮನೆಯ ನುಡಿ, ಇಷ್ಟನ್ನು ಹೇಳಿದವರ ಮಾತಿನಲ್ಲಿಯೇ ಬರೆಯಿರಿ. ತಿದ್ದಬೇಡಿರಿ, ಅಲಂಕರಿಸಬೇಡಿರಿ. ಮೊದಲು ಬಂದವರು ಯಾರೆಂದು ಶ್ರೇಣಿಯನ್ನು ಮಾತ್ರ ಕಟ್ಟಬೇಡಿರಿ. ಹಾಡುವ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಬರೆಯದೆ ಹೋದರೆ ಈ ಸಾಕ್ಷಿಯು ಹೇಳಿಕೆ ಕೊಡದೆಯೇ ತೀರಿಕೊಳ್ಳುವನು. ಬರೆದುದನ್ನು ಶಾಲೆಯ ಮಕ್ಕಳಿಗೆ ಓದಿ ಹೇಳಿರಿ. ಗೊಲ್ಲರ ಹುಡುಗನ ಕಥೆಯನ್ನು ಲಿಂಗಾಯತರ ಹುಡುಗಿ ಕೇಳಲಿ; ಲಂಬಾಣಿ ಹುಡುಗಿಯ ಕಥೆಯನ್ನು ಬೇಡರ ಹುಡುಗನು ಕೇಳಲಿ. ತಮ್ಮ ಹಾಗೆಯೇ ಇತರರೂ ನಡೆದು ಬಂದವರೆಂಬುದನ್ನು ಹತ್ತು ವರ್ಷದಲ್ಲಿ ತಿಳಿದ ಮಗುವು ನಲವತ್ತರಲ್ಲಿ ನೆರೆಯವನನ್ನು ಹೊರಗಿನವನೆಂದು ಕರೆಯಲು ನಾಚುವುದು.

ಮಳೆಗಾಲದಲ್ಲಿ ಕೆರೆಗೆ ನಾಲ್ಕು ಕಡೆಯ ಹಳ್ಳಗಳಿಂದ ನೀರು ಬರುವುದು. ತೂಬನ್ನು ಎತ್ತಿದಾಗ ಗದ್ದೆಯವನು ಯಾವ ಹಳ್ಳದ ನೀರೆಂದು ಕೇಳುವುದಿಲ್ಲ. ಏರಿ ಭದ್ರವಾಗಿದೆಯೆ ಎಂದು ನೋಡುವನು. ಕರ್ನಾಟಕದ ಏರಿಯು ಕನ್ನಡ ನುಡಿ ಮತ್ತು ಸಮಾನ ನ್ಯಾಯ. ಇವೆರಡನ್ನು ಕಾಯುವ ಕೆಲಸವು ಮೊದಲು ಬಂದವರದೂ ಹೌದು, ಆಮೇಲೆ ಬಂದವರದೂ ಹೌದು.